ಬಾಗಿಲು ಮುಚ್ಚಿದಾಗ ಒಳಗೆ ಉಳಿದವರು

2017ರ ಆಗಸ್ಟ್ 7ರ ಸೋಮವಾರ ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ‘ಸೆಬಿ’ ದೇಶದ ಷೇರು ವಿನಿಮಯ ಕೇಂದ್ರಗಳಿಗೆ ಒಂದು ಪತ್ರವನ್ನು ಬರೆಯಿತು. ಅದರೊಂದಿಗೆ 331 ಕಂಪೆನಿಗಳ ಹೆಸರುಗಳಿದ್ದ ಪಟ್ಟಿಯೊಂದಿತ್ತು. ಇವು ‘ಶೆಲ್ ಕಂಪೆನಿ’ಗಳು, ಅಂದರೆ ನಿಜವಾದ ಉದ್ಯಮವಿಲ್ಲದೆ ಕಾಗದದ ಮೇಲಷ್ಟೇ ಬದುಕಿರುವ ಕಂಪೆನಿಗಳು ಎಂಬ ಶಂಕೆಯಿರುವುದರಿಂದ, ಇವುಗಳ ಷೇರುಗಳ ವ್ಯವಹಾರವನ್ನು ಕೂಡಲೇ ಅತ್ಯಂತ ಬಿಗಿಯಾದ ನಿರ್ಬಂಧಕ್ಕೆ ಒಳಪಡಿಸಬೇಕೆಂಬುದು ಪತ್ರದ ಸಾರಾಂಶ. ಮರುದಿನದಿಂದಲೇ ಅದು ಜಾರಿಗೆ ಬಂತು.

ಆ ನಿರ್ಬಂಧದ ಸ್ವರೂಪವನ್ನು ಸ್ವಲ್ಪ ವಿವರವಾಗಿಯೇ ತಿಳಿದುಕೊಳ್ಳಬೇಕು. ತಿಂಗಳಿಗೆ ಒಂದೇ ದಿನ, ಮೊದಲ ಸೋಮವಾರ ಮಾತ್ರ, ಈ ಷೇರುಗಳನ್ನು ಕೊಳ್ಳಬಹುದು ಅಥವಾ ಮಾರಬಹುದು. ಕೊಳ್ಳುವವನು ಷೇರಿನ ಬೆಲೆಯಲ್ಲದೆ ಅದರ ಎರಡು ಪಟ್ಟು ಹಣವನ್ನು ಹೆಚ್ಚುವರಿ ಠೇವಣಿಯಾಗಿ ಇಡಬೇಕು. ಬೆಲೆಯು ಹಿಂದಿನ ಮಟ್ಟದಿಂದ ಒಂದು ಪೈಸೆಯಷ್ಟೂ ಮೇಲೇರುವಂತಿಲ್ಲ. ಆಗಸ್ಟ್ 7 ತಾನೇ ಆ ತಿಂಗಳ ಮೊದಲ ಸೋಮವಾರವಾಗಿದ್ದುದರಿಂದ ಮುಂದಿನ ಅವಕಾಶಕ್ಕಾಗಿ ಸೆಪ್ಟೆಂಬರ್ 4ರವರೆಗೆ ಕಾಯಬೇಕಾಗಿತ್ತು. ನೂರು ರೂಪಾಯಿಯ ಷೇರನ್ನು ಕೊಳ್ಳಲು ಮುನ್ನೂರು ರೂಪಾಯಿಗಳನ್ನು ಹೊಂದಿಸಿಕೊಂಡು, ಎಂದಿಗೂ ಮೇಲೇರಲಾಗದ ಬೆಲೆಗೆ, ಸರಕಾರವೇ ಶಂಕಿಸಿರುವ ಕಂಪೆನಿಯ ಪಾಲುದಾರನಾಗಲು ಯಾರು ತಾನೇ ಮುಂದೆ ಬಂದಾರು? ಆದುದರಿಂದ ಹೆಸರಿಗೆ ಇದು ನಿಗಾ ವ್ಯವಸ್ಥೆಯಾಗಿದ್ದರೂ ಪರಿಣಾಮದಲ್ಲಿ ವ್ಯವಹಾರದ ಸ್ಥಗಿತವೇ ಆಗಿತ್ತು.

ಇಂತಹ ಸಂದರ್ಭಗಳಲ್ಲಿ ಸಣ್ಣ ಹೂಡಿಕೆದಾರನ ಬಾಯಿಂದ ಹೊರಡುವ ಮೊದಲ ಮಾತು ಒಂದೇ: “ನಮ್ಮನ್ನು ಕಾಯಬೇಕಾದವರೇ ನಮ್ಮನ್ನು ಕೂಡಿಹಾಕಿದರು.” ಈ ಲೇಖಕನೂ ಸಣ್ಣ ಹೂಡಿಕೆದಾರರ ಸಾಲಿಗೆ ಸೇರಿದವನೇ ಆಗಿರುವುದರಿಂದ ಆ ಮಾತಿನ ಹಿಂದಿರುವ ನೋವನ್ನು ಬಲ್ಲನು. ಆದರೆ ನೋವು ನಿಜವಾಗಿದ್ದ ಮಾತ್ರಕ್ಕೆ ಅದರಿಂದ ಹುಟ್ಟುವ ಬೇಡಿಕೆಗಳೆಲ್ಲ ನ್ಯಾಯವಾದವು ಎಂದಾಗುವುದಿಲ್ಲ. ನಮ್ಮ ದೂರಿನಲ್ಲಿ ಯಾವುದು ಸರಿ, ಯಾವುದು ಸರಿಯಲ್ಲ, ನಾವು ನಿಜವಾಗಿ ಕೇಳಬೇಕಾದುದು ಏನು ಎಂಬುದನ್ನು ಶಾಂತಚಿತ್ತದಿಂದ ವಿಚಾರಿಸುವುದು ಈ ಬರೆಹದ ಉದ್ದೇಶ. 2020ರ ಮಾರ್ಚ್‌ನಲ್ಲಿ ನಮ್ಮ ದೇಶದಲ್ಲಿ ಸುಮಾರು 4 ಕೋಟಿಯಷ್ಟಿದ್ದ ಡಿಮ್ಯಾಟ್ ಖಾತೆಗಳು 2024ರ ಕೊನೆಯ ವೇಳೆಗೆ 18 ಕೋಟಿಯನ್ನು ಮೀರಿದವು. ಹೀಗಾಗಿ ಇದು ಮುಂಬಯಿಯ ಕೆಲವು ವರ್ತಕರಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಉಳಿಸಿದ ಹಣ, ನಿವೃತ್ತಿಯ ವೇಳೆ ಕೈಗೆ ಬಂದ ಗ್ರಾಚುಯಿಟಿ, ಮಗಳ ಮದುವೆಗೆಂದು ತೆಗೆದಿಟ್ಟ ಮೊತ್ತ, ಇವೆಲ್ಲವೂ ಇಂದು ಬೆರಳ ತುದಿಯಲ್ಲಿ ಷೇರುಪೇಟೆಯನ್ನು ಪ್ರವೇಶಿಸುತ್ತಿವೆ.

ಅಗ್ಗದ ಷೇರಿನ ಆಕರ್ಷಣೆ

ಒಂದೆರಡು ರೂಪಾಯಿಗೆ, ಹೆಚ್ಚೆಂದರೆ ಹತ್ತಿಪ್ಪತ್ತು ರೂಪಾಯಿಗೆ ದೊರೆಯುವ ಷೇರುಗಳನ್ನು ‘ಪೆನ್ನಿ ಷೇರು’ ಎಂದು ಕರೆಯುವುದು ವಾಡಿಕೆ. ಅಮೆರಿಕದಲ್ಲಿ ಸಾಮಾನ್ಯವಾಗಿ 5 ಡಾಲರಿಗಿಂತ ಕಡಿಮೆ ಬೆಲೆಯವನ್ನು ಹೀಗೆ ಗುರುತಿಸುತ್ತಾರೆ. ನಮ್ಮಲ್ಲಿ ಇದು ಪೇಟೆಯ ಆಡುಮಾತು. ಈ ಷೇರುಗಳ ಆಕರ್ಷಣೆಯು ಒಂದು ತಪ್ಪು ಲೆಕ್ಕದಿಂದ ಹುಟ್ಟುತ್ತದೆ. ಎರಡು ಸಾವಿರ ರೂಪಾಯಿಯ ಷೇರು ದುಬಾರಿ, ಎರಡು ರೂಪಾಯಿಯದು ಅಗ್ಗ ಎಂದು ಮನಸ್ಸು ತಾನಾಗಿಯೇ ತೀರ್ಮಾನಿಸುತ್ತದೆ. ಆದರೆ ಕಂಪೆನಿಯ ಒಟ್ಟು ಬೆಲೆಯು ಷೇರಿನ ದರವನ್ನು ಷೇರುಗಳ ಸಂಖ್ಯೆಯಿಂದ ಗುಣಿಸಿದಾಗ ಮಾತ್ರ ತಿಳಿಯುತ್ತದೆ. ಎರಡು ರೂಪಾಯಿಯ 100 ಕೋಟಿ ಷೇರುಗಳಿರುವ ಕಂಪೆನಿಗೆ ಪೇಟೆ ಕಟ್ಟಿರುವ ಬೆಲೆ 200 ಕೋಟಿ ರೂಪಾಯಿ. ಎರಡು ಸಾವಿರ ರೂಪಾಯಿಯ 5 ಲಕ್ಷ ಷೇರುಗಳಿರುವ ಕಂಪೆನಿಗೆ ಕಟ್ಟಿರುವುದು 100 ಕೋಟಿ ಮಾತ್ರ. ಮೊದಲನೆಯದರಲ್ಲಿ ಕಾರ್ಖಾನೆಯಾಗಲಿ ಕೆಲಸಗಾರರಾಗಲಿ ಇಲ್ಲದೆ ಬರಿಯ ಬಾಡಿಗೆಯ ಕೋಣೆಯೊಂದಿದ್ದರೆ, ಆ ಎರಡು ರೂಪಾಯಿಯೂ ದುಬಾರಿಯೇ.

ಈ ತಪ್ಪು ಲೆಕ್ಕವನ್ನು ಬಲ್ಲವರು ಅದನ್ನೇ ಬಂಡವಾಳವನ್ನಾಗಿ ಮಾಡಿಕೊಳ್ಳುತ್ತಾರೆ. ಸೆಬಿಯು 2014ರ ಡಿಸೆಂಬರ್‌ನಲ್ಲಿ ಮೋರ್ಯೊ ಇಂಡಸ್ಟ್ರೀಸ್, ಫಸ್ಟ್ ಫೈನಾನ್ಶಿಯಲ್ ಸರ್ವಿಸಸ್ ಮೊದಲಾದ ಕಂಪೆನಿಗಳ ಬಗೆಗೆ ಹೊರಡಿಸಿದ ಮಧ್ಯಂತರ ಆದೇಶಗಳು ಇಂತಹ ವ್ಯವಹಾರದ ಮೇಲೆ ಬೆಳಕು ಚೆಲ್ಲಿದವು. ಅವುಗಳಲ್ಲಿ ವಿವರಿಸಲಾದ ಮಾದರಿ ಸ್ಥೂಲವಾಗಿ ಹೀಗಿದೆ: ಹೆಸರಿಗಷ್ಟೇ ಇರುವ ಕಂಪೆನಿಯೊಂದು ತನಗೆ ಬೇಕಾದ ಕೆಲವರಿಗೆ ಖಾಸಗಿಯಾಗಿ ಷೇರುಗಳನ್ನು ಹಂಚುತ್ತದೆ. ಆ ಷೇರುಗಳನ್ನು ಮಾರಲಾಗದ ಅವಧಿ ಮುಗಿಯುವುದರೊಳಗೆ ಪರಸ್ಪರ ಸಂಬಂಧವುಳ್ಳ ಕೆಲವರು ತೀರ ಸಣ್ಣ ಸಣ್ಣ ಖರೀದಿಗಳಿಂದ ಬೆಲೆಯನ್ನು ದಿನದಿನವೂ ಏರಿಸುತ್ತಾರೆ. ಬೆಲೆ ಹಲವು ಪಟ್ಟು ಏರಿದ ಮೇಲೆ ಷೇರು ಪಡೆದವರು ಮಾರಿ ಹೊರಬರುತ್ತಾರೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡು ಪೇಟೆಯಲ್ಲಿ ಮಾರಿದ ಷೇರಿನ ಲಾಭಕ್ಕೆ ಆಗ ಆದಾಯ ತೆರಿಗೆ ಇರಲಿಲ್ಲವಾದ್ದರಿಂದ, ಲೆಕ್ಕಕ್ಕೆ ಸಿಗದ ಹಣವನ್ನು ತೆರಿಗೆಯಿಲ್ಲದ ಲಾಭವಾಗಿ ಪರಿವರ್ತಿಸುವುದಕ್ಕೂ ಇದೇ ದಾರಿಯಾಯಿತು. 2017ರ ಹಣಕಾಸು ಕಾಯಿದೆಯು ಆ ವಿನಾಯಿತಿಗೆ ಕಡಿವಾಣ ಹಾಕಿತು; 2018ರ ಏಪ್ರಿಲ್‌ನಿಂದ ದೀರ್ಘಾವಧಿ ಲಾಭದ ಮೇಲೆ ಮತ್ತೆ ತೆರಿಗೆ ಬಂತು.

ಈ ಆಟದ ನಡುವೆ ಸಿಕ್ಕಿಬೀಳುವವನೇ ಸಣ್ಣ ಹೂಡಿಕೆದಾರ. ದಿನಕ್ಕೆ ನೂರಕ್ಕೆ ಐದರಂತೆ ಇಪ್ಪತ್ತು ದಿನಗಳ ಕಾಲ ಏರಿದ ಷೇರು ಹತ್ತು ರೂಪಾಯಿಯಿಂದ ಇಪ್ಪತ್ತಾರೂವರೆ ರೂಪಾಯಿಗೆ ಮುಟ್ಟುತ್ತದೆ. ಒಂದೇ ತಿಂಗಳಲ್ಲಿ ಹಣ ಎರಡೂವರೆ ಪಟ್ಟಾಯಿತೆಂದು ಕೇಳಿದವನಿಗೆ ಬ್ಯಾಂಕಿನ ಠೇವಣಿ ಸಪ್ಪೆಯೆನಿಸುತ್ತದೆ. ಇಳಿಕೆಯೂ ಅದೇ ವೇಗದ್ದು ಎಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ. ನೂರು ರೂಪಾಯಿಯ ಷೇರು ದಿನಕ್ಕೆ ನೂರಕ್ಕೆ ಐದರಂತೆ ಇಪ್ಪತ್ತು ದಿನ ಇಳಿದರೆ ಮೂವತ್ತಾರು ರೂಪಾಯಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆ ಇಪ್ಪತ್ತು ದಿನಗಳಲ್ಲಿ ಮಾರಲು ಹೋದವನಿಗೆ ಕೊಳ್ಳುವವನು ಒಬ್ಬನೂ ಸಿಗದಿರಬಹುದು. ಸೆಬಿಯ ಆದೇಶ ಹೊರಬೀಳುವ ಮೊದಲೇ ಅನೇಕರ ಹಣ ಕರಗಿಹೋಗಿರುತ್ತದೆ. ಖಾತೆಯಲ್ಲಿ ಕಾಣುವ ಅಂಕಿ ಮಾತ್ರ ಉಳಿದಿರುತ್ತದೆ. ಆದೇಶವು ಆ ಅಂಕಿಯ ಟೊಳ್ಳುತನವನ್ನು ಬಯಲಿಗೆ ತರುತ್ತದೆ. ನಾವು ನಷ್ಟಕ್ಕೆ ಆದೇಶವೇ ಕಾರಣವೆಂದು ಭಾವಿಸುತ್ತೇವೆ.

ವಿಚಾರಣೆಗೆ ಮುನ್ನ ಶಿಕ್ಷೆ

ಹಾಗೆಂದು ಸಣ್ಣ ಹೂಡಿಕೆದಾರನ ದೂರೆಲ್ಲವೂ ಅಜ್ಞಾನದಿಂದ ಹುಟ್ಟಿದ್ದೆಂದು ತಳ್ಳಿಹಾಕುವುದು ಅನ್ಯಾಯವಾದೀತು. 2017ರ ಪ್ರಕರಣವನ್ನೇ ನೋಡೋಣ. ಕಂಪೆನಿ ವ್ಯವಹಾರಗಳ ಸಚಿವಾಲಯವು 331 ಕಂಪೆನಿಗಳ ಪಟ್ಟಿಯನ್ನು ಸೆಬಿಗೆ ಕಳುಹಿಸಿದ್ದು ಆ ವರ್ಷದ ಜೂನ್ 9ರಂದು. ಸೆಬಿಯು ಪತ್ರ ಬರೆದದ್ದು ಆಗಸ್ಟ್ 7ರಂದು. ನಡುವೆ ಕಳೆದ ಸುಮಾರು ಎರಡು ತಿಂಗಳುಗಳಲ್ಲಿ ಪಟ್ಟಿಯಲ್ಲಿದ್ದ ಕಂಪೆನಿಗಳಿಗೆ ತಮ್ಮ ಮಾತನ್ನು ಹೇಳಲು ಅವಕಾಶ ದೊರೆಯಲಿಲ್ಲ. ಕಾಗದದ ಕಂಪೆನಿಗಳ ಜೊತೆಗೆ ಮುಂಬಯಿಯ ಮೆಟ್ರೊ ರೈಲಿನ ಕಾಮಗಾರಿಯಲ್ಲಿ ತೊಡಗಿದ್ದ ಜೆ. ಕುಮಾರ್ ಇನ್‌ಫ್ರಾಪ್ರಾಜೆಕ್ಟ್ಸ್ ಮತ್ತು ಉಕ್ಕು ಉತ್ಪಾದಿಸುವ ಪ್ರಕಾಶ್ ಇಂಡಸ್ಟ್ರೀಸ್‌ನಂತಹ ಕಂಪೆನಿಗಳೂ ಅದೇ ಪಟ್ಟಿಯಲ್ಲಿದ್ದವು.

ಈ ಎರಡು ಕಂಪೆನಿಗಳು ಷೇರುಪೇಟೆಯ ಮೇಲ್ಮನವಿ ನ್ಯಾಯಮಂಡಳಿಯ ಮೊರೆಹೊಕ್ಕವು. ಪತ್ರ ಹೊರಟ ಮೂರೇ ದಿನಗಳಲ್ಲಿ, ಆಗಸ್ಟ್ 10ರಂದು, ನ್ಯಾಯಮಂಡಳಿಯು ಅವುಗಳ ಮಟ್ಟಿಗೆ ನಿರ್ಬಂಧಕ್ಕೆ ತಡೆಯಾಜ್ಞೆ ನೀಡಿತು. ಯಾವುದೇ ತನಿಖೆಯಿಲ್ಲದೆ ಇಂತಹ ಕ್ರಮವನ್ನು ಕೈಗೊಳ್ಳಲಾಗಿದೆ. ಎರಡು ತಿಂಗಳು ಸುಮ್ಮನಿದ್ದ ಮೇಲೆ ತುರ್ತಿನ ಕಾರಣವನ್ನು ಮುಂದಿಡುವಂತಿಲ್ಲ ಎಂಬ ಅಭಿಪ್ರಾಯ ಅದರದಾಗಿತ್ತು. ತನಿಖೆ ನಡೆಸುವ ಸ್ವಾತಂತ್ರ್ಯವನ್ನು ಮಾತ್ರ ಸೆಬಿಗೆ ಉಳಿಸಿಕೊಟ್ಟಿತು. ಅನಂತರ ಇನ್ನೂ ಕೆಲವು ಕಂಪೆನಿಗಳು ಅದೇ ದಾರಿ ಹಿಡಿದು ಪರಿಹಾರ ಪಡೆದವು. ಮುಂದಿನ ತಿಂಗಳುಗಳಲ್ಲಿ ಹಲವು ಕಂಪೆನಿಗಳ ಮೇಲಿನ ನಿರ್ಬಂಧ ಸಡಿಲವಾಯಿತು; ಕೆಲವಕ್ಕೆ ವಿಶೇಷ ಲೆಕ್ಕಪರಿಶೋಧನೆ ನಡೆಸಲು ಆದೇಶವಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹಿರಿಯ ವಕೀಲರನ್ನು ನೇಮಿಸಿಕೊಳ್ಳಬಲ್ಲ ಕಂಪೆನಿಗೆ ಮೂರು ದಿನಗಳಲ್ಲಿ ನ್ಯಾಯದ ಬಾಗಿಲು ತೆರೆಯಿತು. ಅದೇ ಪಟ್ಟಿಯಲ್ಲಿದ್ದ ಇನ್ನೊಂದು ಕಂಪೆನಿಯ ಐನೂರು ಷೇರುಗಳನ್ನು ಹಿಡಿದುಕೊಂಡಿದ್ದ ನಿವೃತ್ತ ಶಿಕ್ಷಕನಿಗೆ ಅಂತಹ ಯಾವ ದಾರಿಯಿತ್ತು? ಮುಂಬಯಿಯಲ್ಲಿ ಒಂದು ಮೇಲ್ಮನವಿ ಹೂಡುವುದಕ್ಕೆ ತಗಲುವ ವೆಚ್ಚ ಅವನ ಷೇರುಗಳ ಬೆಲೆಯನ್ನೇ ಮೀರೀತು. ಕಂಪೆನಿಯ ನಿರ್ದೇಶಕರು ಮೌನವಾಗಿದ್ದರೆ ಅವನ ಪರವಾಗಿ ಮಾತನಾಡುವವರು ಯಾರೂ ಇರುವುದಿಲ್ಲ. ಮಾರಲಾಗದ ಷೇರಿನ ನಷ್ಟವನ್ನು ಅವನು ಆದಾಯ ತೆರಿಗೆಯ ಲೆಕ್ಕದಲ್ಲಿ ತೋರಿಸಿಕೊಳ್ಳುವಂತೆಯೂ ಇಲ್ಲ. ಏಕೆಂದರೆ ಮಾರಾಟವಾಗದೆ ನಷ್ಟವು ನಷ್ಟವೆನಿಸದು. ವಿನಿಮಯ ಕೇಂದ್ರಗಳಲ್ಲಿ ಹೂಡಿಕೆದಾರರ ರಕ್ಷಣಾ ನಿಧಿಯಿದೆಯಲ್ಲ ಎನ್ನುವವರುಂಟು. ಆ ನಿಧಿಯಿರುವುದು ಬ್ರೋಕರನು ದಿವಾಳಿಯಾದಾಗ ಅವನ ಗ್ರಾಹಕರ ಹಣವನ್ನು ಭರಿಸಿಕೊಡುವುದಕ್ಕೆ. ಷೇರಿನ ಬೆಲೆ ಬಿದ್ದುದಕ್ಕಾಗಲಿ ವ್ಯವಹಾರ ನಿಂತುದಕ್ಕಾಗಲಿ ಅದರಿಂದ ಚಿಕ್ಕಾಸೂ ದೊರೆಯುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು. ಈ ಕಂಪೆನಿಗಳನ್ನು ಪಟ್ಟಿಗೆ ಸೇರಿಸಿಕೊಂಡು ವರ್ಷವರ್ಷವೂ ಶುಲ್ಕ ಪಡೆದದ್ದು ಷೇರು ವಿನಿಮಯ ಕೇಂದ್ರಗಳೇ. ಲೆಕ್ಕಪತ್ರಗಳಿಗೆ ಸಹಿ ಹಾಕಿದವರು ಅಧಿಕೃತ ಲೆಕ್ಕಪರಿಶೋಧಕರೇ. ಅವನ್ನು ಸ್ವೀಕರಿಸಿ ಕಡತಕ್ಕೆ ಸೇರಿಸಿದ್ದು ಸರಕಾರದ ಕಚೇರಿಯೇ. ಇಷ್ಟು ಮುದ್ರೆಗಳನ್ನು ಕಂಡು ನಂಬಿದ ಸಾಮಾನ್ಯನಿಗೆ ‘ನೀನೇ ಎಚ್ಚರಿಕೆಯಿಂದ ಇರಬೇಕಿತ್ತು’ ಎಂದು ಹೇಳುವುದು ಸುಲಭ. ಮುದ್ರೆ ಒತ್ತಿದವರ ಎಚ್ಚರಿಕೆ ಎಲ್ಲಿ ಹೋಗಿತ್ತು ಎಂಬುದಕ್ಕೂ ಉತ್ತರ ಬೇಕಲ್ಲವೇ?

ನಮ್ಮ ನಾಡಿನವರಿಗೆ ಇಂತಹ ಅನುಭವ ಹೊಸತೇನೂ ಅಲ್ಲ. 1992ರಲ್ಲಿ ಬಂಡವಾಳ ಸಂಗ್ರಹದ ಮೇಲಿದ್ದ ಸರಕಾರಿ ನಿಯಂತ್ರಣ ತೆರವಾದ ಬಳಿಕ ಸಾವಿರಾರು ಕಂಪೆನಿಗಳು ಸಾರ್ವಜನಿಕರಿಂದ ಹಣವೆತ್ತಿದವು. ಅವುಗಳಲ್ಲಿ ಅನೇಕವು ಕೆಲವೇ ವರ್ಷಗಳಲ್ಲಿ ವಿಳಾಸವಿಲ್ಲದೆ ಮರೆಯಾದುವು. ಇನ್ನೂರಕ್ಕೂ ಹೆಚ್ಚು ಕಂಪೆನಿಗಳನ್ನು ಸರಕಾರವೇ ‘ಮಾಯವಾದ ಕಂಪೆನಿಗಳು’ ಎಂದು ಗುರುತಿಸಿತು. ಒಂದು ಕಾಲದಲ್ಲಿ ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಷೇರು ವಿನಿಮಯ ಕೇಂದ್ರಗಳಿದ್ದವು. ಮಂಗಳೂರಿನ ಕೇಂದ್ರವು ಮಾನ್ಯತೆಯನ್ನು ಕಳೆದುಕೊಂಡಿತು. ಬೆಂಗಳೂರಿನದು 2014ರಲ್ಲಿ ವ್ಯವಹಾರದಿಂದ ನಿರ್ಗಮಿಸಿತು. ಇಂತಹ ಪ್ರಾದೇಶಿಕ ಕೇಂದ್ರಗಳು ಮುಚ್ಚಿದಾಗ ಅಲ್ಲಿ ಮಾತ್ರ ನೋಂದಾಯಿತವಾಗಿದ್ದ ಕಂಪೆನಿಗಳ ಷೇರುಗಳನ್ನು ಹಿಡಿದುಕೊಂಡಿದ್ದವರು ಕೊಳ್ಳುವವರಿಲ್ಲದೆ ಉಳಿದರು. ಇಂದಿಗೂ ಹಳೆಯ ಟ್ರಂಕುಗಳಲ್ಲಿ ಮದುವೆಯ ಫೋಟೋಗಳ ಜೊತೆ ಮಡಚಿಟ್ಟ ಷೇರುಪತ್ರಗಳಿರುವ ಮನೆಗಳು ಕರಾವಳಿಯಲ್ಲಿ ಅಪರೂಪವಲ್ಲ.

ನಮ್ಮ ಬಿಡುಗಡೆ, ಇನ್ನೊಬ್ಬರ ಬಂಧನ

ಇಷ್ಟನ್ನು ಒಪ್ಪಿಕೊಂಡ ಮೇಲೆ, ನಮ್ಮ ಬೇಡಿಕೆಯ ಇನ್ನೊಂದು ಮುಖವನ್ನೂ ನೋಡಬೇಕಾಗುತ್ತದೆ. ವ್ಯವಹಾರ ನಿಂತಾಗಲೆಲ್ಲ ನಾವು ಸಾಮಾನ್ಯವಾಗಿ ಕೇಳುವುದೇನು? “ನಾಲ್ಕು ದಿನ ಮೊದಲೇ ತಿಳಿಸಿದ್ದರೆ ಮಾರಿ ಹೊರಬರುತ್ತಿದ್ದೆವು.” “ವಾರಕ್ಕೊಂದು ದಿನವಾದರೂ ಬಾಗಿಲು ತೆರೆಯಲಿ, ಬಂದಷ್ಟು ಬರಲಿ.” ಕೇಳುವುದಕ್ಕೆ ಇವು ಸಾಧುವಾದ ಮಾತುಗಳೇ. ಆದರೆ, ಪ್ರಿಯ ಓದುಗರೇ, ನಾವು ಮಾರುವ ಷೇರನ್ನು ಕೊಳ್ಳುವವರು ಯಾರು?

ಆಟವನ್ನು ಹೂಡಿದವರು ಅದನ್ನು ಮರಳಿ ಕೊಳ್ಳುವುದಿಲ್ಲ. ಅವರು ಲಾಭದೊಂದಿಗೆ ಎಂದೋ ಹೊರಟುಹೋಗಿರುತ್ತಾರೆ. ಬ್ಯಾಂಕುಗಳಾಗಲಿ ವಿಮಾ ಸಂಸ್ಥೆಗಳಾಗಲಿ ಮ್ಯೂಚುಯಲ್ ಫಂಡುಗಳಾಗಲಿ ಅಂತಹ ಷೇರಿನ ಹತ್ತಿರಕ್ಕೂ ಸುಳಿಯುವುದಿಲ್ಲ. ಉಳಿದವನು ನಮ್ಮಂತೆಯೇ ಇರುವ ಇನ್ನೊಬ್ಬ ಸಣ್ಣ ಹೂಡಿಕೆದಾರ. ಬೆಲೆ ತುಂಬ ಇಳಿದಿದೆ, ಇನ್ನು ಏರಲೇಬೇಕು ಎಂಬ ಆಸೆಯಿಂದ ಅವನು ಬರುತ್ತಾನೆ. ಕಂಪೆನಿ ಟೊಳ್ಳೆಂದು ತಿಳಿದ ಮೇಲೂ ಅದನ್ನು ಅವನ ಕೈಗೆ ದಾಟಿಸಿ ನಾವು ನಿಟ್ಟುಸಿರು ಬಿಟ್ಟರೆ, ನಮಗಾದ ಅನ್ಯಾಯವು ಅಳಿದಂತಾಗುವುದಿಲ್ಲ. ಅದರ ವಿಳಾಸವಷ್ಟೇ ಬದಲಾದಂತಾಗುತ್ತದೆ. ಸವಕಲು ನಾಣ್ಯವೊಂದು ತನ್ನ ಕೈಗೆ ಬಂದಿತೆಂದು ಕತ್ತಲೆಯಲ್ಲಿ ಅದನ್ನು ಮೀನು ಮಾರುವವಳಿಗೆ ಕೊಟ್ಟು ಬರುವವನನ್ನು ನಾವು ಜಾಣನೆನ್ನುತ್ತೇವೆಯೇ?

ಮುನ್ಸೂಚನೆಯ ಬೇಡಿಕೆಯೂ ಇದೇ ತೊಡಕಿನಲ್ಲಿ ಸಿಲುಕುತ್ತದೆ. ನಾಲ್ಕು ದಿನ ಮೊದಲು ಎಲ್ಲರಿಗೂ ತಿಳಿಸಿದರೆ ಮೊದಲು ಹೊರಗೋಡುವವರು ಪ್ರವರ್ತಕರು ಮತ್ತು ಅವರ ಆಪ್ತರು. ಊರಿನಲ್ಲಿರುವ ನಿವೃತ್ತನಿಗೆ ಸುದ್ದಿ ತಲಪುವಾಗ ಬೆಲೆ ನೆಲಕಚ್ಚಿರುತ್ತದೆ. ಆದುದರಿಂದ ನಿಯಂತ್ರಕನು ಕೆಲವೊಮ್ಮೆ ಹಠಾತ್ತನೆ ಬಾಗಿಲು ಮುಚ್ಚುವುದು ಅನಿವಾರ್ಯವೆಂಬುದನ್ನು ನಾವು ಒಪ್ಪಬೇಕು. ಪ್ರಶ್ನೆ ಬಾಗಿಲು ಮುಚ್ಚಬೇಕೆ ಬೇಡವೆ ಎಂಬುದಲ್ಲ. ಎಷ್ಟು ದಿನ ಮುಚ್ಚಿಡಬೇಕು, ಆ ದಿನಗಳಲ್ಲಿ ಏನು ಮಾಡಬೇಕು, ಒಳಗೆ ಉಳಿದವರ ಹಣವನ್ನು ಯಾರಿಂದ ವಸೂಲು ಮಾಡಬೇಕು ಎಂಬುದು.

ಅಮೆರಿಕದ ನಿಯಂತ್ರಣ ಮಂಡಳಿಯು ಇಂತಹ ಷೇರಿನ ವ್ಯವಹಾರವನ್ನು ಒಂದು ಸಲಕ್ಕೆ ಹತ್ತು ವ್ಯವಹಾರ ದಿನಗಳವರೆಗೆ ಮಾತ್ರ ನಿಲ್ಲಿಸಬಹುದೆಂದು ಅಲ್ಲಿನ ಕಾನೂನು ಮಿತಿ ಹಾಕಿದೆ. 2021ರ ಫೆಬ್ರವರಿ 26ರಂದು ಅದು ಒಂದೇ ದಿನ 15 ಕಂಪೆನಿಗಳ ಷೇರುಗಳನ್ನು ಹೀಗೆ ತಡೆಹಿಡಿಯಿತು. ಸಾಮಾಜಿಕ ಜಾಲತಾಣಗಳಲ್ಲಿ ಅವುಗಳ ಬಗೆಗೆ ಎದ್ದಿದ್ದ ಗದ್ದಲವೂ ಅಸಹಜ ವ್ಯವಹಾರವೂ ಅದಕ್ಕೆ ಕಾರಣವೆಂದು ತಿಳಿಸಿತು. ಅವಧಿ ಮುಗಿದ ಮೇಲೂ ಇಂತಹ ಷೇರುಗಳು ಹಿಂದಿನಂತೆ ಚಲಾವಣೆಗೆ ಬರುವುದು ಸುಲಭವಲ್ಲ. ಕಂಪೆನಿಯ ಬಗೆಗೆ ಸರಿಯಾದ ಮಾಹಿತಿಯನ್ನು ಒದಗಿಸದೆ ದಲ್ಲಾಳಿಗಳು ಅವನ್ನು ಮುಂದಿಡುವಂತಿಲ್ಲ. ಅಲ್ಲಿಯೂ ಸಣ್ಣವನ ಹಣ ಸಿಕ್ಕಿಬೀಳುವುದುಂಟು. ಆದರೂ ದಿನಾಂಕ ಮತ್ತು ಕಾರಣ ಇವೆರಡನ್ನಾದರೂ ಅವನಿಗೆ ತಿಳಿಸಲಾಗುತ್ತದೆ. ನಮ್ಮಲ್ಲಿ 2017ರ ಪತ್ರದಲ್ಲಿ ಕೊನೆಯ ದಿನಾಂಕವಿರಲಿಲ್ಲ. ಪಟ್ಟಿಯಲ್ಲಿರುವ ಪ್ರತಿಯೊಂದು ಕಂಪೆನಿಯೂ ಏಕೆ ಶಂಕಿತವಾಯಿತೆಂಬ ವಿವರಣೆಯೂ ಷೇರುದಾರನಿಗೆ ದೊರೆಯಲಿಲ್ಲ.

ನಾವು ಕೇಳಬೇಕಾದುದು

ಹಾಗಾದರೆ ಸಣ್ಣ ಹೂಡಿಕೆದಾರನು ಏನನ್ನು ಕೇಳಬೇಕು? ಮೊದಲನೆಯದಾಗಿ, ಷೇರನ್ನು ಕಟ್ಟಿಹಾಕುವ ಮುನ್ನ ಆಟವಾಡಿದವರನ್ನು ಕಟ್ಟಿಹಾಕಬೇಕು. ಇದು ಅಸಾಧ್ಯವಾದ ಮಾತಲ್ಲ. 2023ರ ಮಾರ್ಚ್ 2ರಂದು ಸಾಧನಾ ಬ್ರಾಡ್‌ಕಾಸ್ಟ್ ಎಂಬ ಕಂಪೆನಿಯ ಬಗೆಗೆ ಸೆಬಿ ಹೊರಡಿಸಿದ ಮಧ್ಯಂತರ ಆದೇಶವನ್ನು ನೋಡಿ. ಯೂಟ್ಯೂಬ್ ವಾಹಿನಿಗಳಲ್ಲಿ ಸುಳ್ಳು ಸುದ್ದಿಗಳನ್ನು ಹರಡಿ ಷೇರಿನ ಬೆಲೆಯನ್ನು ಏರಿಸಿದರೆಂಬ ಆರೋಪ ಅಲ್ಲಿತ್ತು. ಆ ಅವಧಿಯಲ್ಲಿ ಸಣ್ಣ ಷೇರುದಾರರ ಸಂಖ್ಯೆ ಸುಮಾರು 2 ಸಾವಿರದಿಂದ 55 ಸಾವಿರದಾಚೆಗೆ ಜಿಗಿದಿತ್ತು. ಸೆಬಿಯು ಆರೋಪಿತರನ್ನು ಹೆಸರಿಸಿ ಪೇಟೆಯಿಂದ ಹೊರಗಿಟ್ಟಿತು. ಅವರು ಅಕ್ರಮವಾಗಿ ಗಳಿಸಿದರೆನ್ನಲಾದ 41 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತವನ್ನು ಮುಟ್ಟುಗೋಲಿಗೆ ಒಳಪಡಿಸಿತು. 55 ಸಾವಿರ ಮಂದಿಯ ಕೈಗಳನ್ನು ಕಟ್ಟುವುದಕ್ಕಿಂತ ಬೆರಳೆಣಿಕೆಯ ಕೆಲವರ ಕೈಗಳನ್ನು ಹಿಡಿಯುವುದು ಲೇಸಲ್ಲವೇ?

ಎರಡನೆಯದಾಗಿ, ಬಾಗಿಲು ಮುಚ್ಚಲೇಬೇಕಾದಲ್ಲಿ ಅದಕ್ಕೊಂದು ಅವಧಿಯಿರಲಿ. ಕಂಪೆನಿಯನ್ನು ಇಂತಿಷ್ಟು ದಿನಗಳೊಳಗೆ ವಿಚಾರಿಸಿ ತೀರ್ಮಾನವನ್ನು ಪ್ರಕಟಿಸಲಿ. ಷೇರುದಾರನಿಗೆ ಅವನ ಭಾಷೆಯಲ್ಲಿ ಕಾರಣವನ್ನು ತಿಳಿಸಲಿ. ಕಠಿಣವಾದ ನಿಗಾ ವ್ಯವಸ್ಥೆಯಲ್ಲಿ ಈಚಿನ ವರ್ಷಗಳಲ್ಲಿ ಕೆಲವು ಸುಧಾರಣೆಗಳಾಗಿವೆ. ತಿಂಗಳಿಗೊಮ್ಮೆ ಇದ್ದ ವ್ಯವಹಾರವು ವಾರಕ್ಕೊಮ್ಮೆ ನಡೆಯುವಂತಾಗಿದೆ. ಸಣ್ಣ ಕಂಪೆನಿಗಳ ಮೇಲೆ ಕಣ್ಣಿಡುವ ಪ್ರತ್ಯೇಕ ವ್ಯವಸ್ಥೆಯು 2023ರ ಜೂನ್‌ನಲ್ಲಿ ಜಾರಿಗೆ ಬಂದಿದೆ. ಹಂತಹಂತವಾಗಿ ಎಚ್ಚರಿಸುವ ಈ ಕ್ರಮವು ಒಂದೇ ಏಟಿಗೆ ಕೊನೆಯ ಹಂತಕ್ಕೆ ತಳ್ಳುವುದಕ್ಕಿಂತ ಎಷ್ಟೋ ಉತ್ತಮ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ವಸೂಲಾದ ಹಣವು ಕಳೆದುಕೊಂಡವರ ಕೈಸೇರಬೇಕು. ಸೆಬಿ ವಿಧಿಸುವ ದಂಡದ ಹಣವು ನಮ್ಮ ಕಾನೂನಿನಂತೆ ಭಾರತದ ಸಂಚಿತ ನಿಧಿಗೆ, ಅಂದರೆ ಸರಕಾರದ ಬೊಕ್ಕಸಕ್ಕೆ ಸೇರುತ್ತದೆ. ಅಕ್ರಮ ಲಾಭವೆಂದು ಕಕ್ಕಿಸಿದ ಹಣವು ಹೂಡಿಕೆದಾರರ ರಕ್ಷಣೆ ಮತ್ತು ಶಿಕ್ಷಣದ ನಿಧಿಗೆ ಹೋಗುತ್ತದೆ. ಅಲ್ಲಿಂದ ನೊಂದವರಿಗೆ ಮರಳಿ ಹಂಚುವುದಕ್ಕೆ ಅವಕಾಶವಿದೆಯಾದರೂ ಅದು ನಿತ್ಯದ ಪದ್ಧತಿಯಾಗಿಲ್ಲ. 2003ರಿಂದ 2005ರ ಅವಧಿಯಲ್ಲಿ ಸಾವಿರಾರು ನಕಲಿ ಡಿಮ್ಯಾಟ್ ಖಾತೆಗಳನ್ನು ತೆರೆದು, ಹೊಸ ಷೇರುಗಳಲ್ಲಿ ಸಣ್ಣವರಿಗೆಂದು ಮೀಸಲಾಗಿದ್ದ ಪಾಲನ್ನು ಕೆಲವರು ಕಬಳಿಸಿದ್ದರು. ನ್ಯಾಯಮೂರ್ತಿ ಡಿ. ಪಿ. ವಾಧ್ವಾ ಸಮಿತಿಯ ಶಿಫಾರಸಿನಂತೆ 2010ರಲ್ಲಿ ಸುಮಾರು 23 ಕೋಟಿ ರೂಪಾಯಿಗಳನ್ನು 12 ಲಕ್ಷಕ್ಕೂ ಮಿಕ್ಕ ಅರ್ಜಿದಾರರಿಗೆ ಹಂಚಲಾಯಿತು. ತಲೆಗೆ ಇನ್ನೂರು ರೂಪಾಯಿಯೂ ದಕ್ಕಲಿಲ್ಲ ನಿಜ. ಆದರೆ ಕದ್ದ ಹಣವನ್ನು ಕಳೆದುಕೊಂಡವನ ಮನೆಗೆ ಮುಟ್ಟಿಸಲು ಸಾಧ್ಯವೆಂಬುದು ಅಂದು ಸಿದ್ಧವಾಯಿತು. ಅಮೆರಿಕದಲ್ಲಿ 2002ರ ಕಾಯಿದೆಯೊಂದು ದಂಡದ ಹಣವನ್ನೂ ನೊಂದ ಹೂಡಿಕೆದಾರರ ನಿಧಿಗೆ ಸೇರಿಸಲು ದಾರಿ ಮಾಡಿಕೊಟ್ಟಿದೆ. ನಮ್ಮಲ್ಲಿಯೂ ಅಂತಹ ತಿದ್ದುಪಡಿ ಏಕಾಗಬಾರದು? ಸಣ್ಣವನ ಹಣದಿಂದ ಗಳಿಸಿದ ಲಾಭಕ್ಕೆ ವಿಧಿಸಿದ ದಂಡವು ಬೊಕ್ಕಸಕ್ಕೆ ಹೋಗಿ, ಸಣ್ಣವನು ಬರಿಗೈಯಲ್ಲಿ ಉಳಿಯುವುದು ಯಾವ ನ್ಯಾಯ?

ಕಂಪೆನಿಯನ್ನು ಪಟ್ಟಿಯಿಂದ ಬಲವಂತವಾಗಿ ತೆಗೆದುಹಾಕಿದಾಗ ಪ್ರವರ್ತಕರು ಸಾರ್ವಜನಿಕರ ಷೇರುಗಳನ್ನು ಸ್ವತಂತ್ರ ಮೌಲ್ಯಮಾಪಕನು ನಿಗದಿಪಡಿಸಿದ ಬೆಲೆಗೆ ಕೊಳ್ಳಬೇಕೆಂಬ ನಿಯಮವೂ ನಮ್ಮಲ್ಲಿದೆ. ಪ್ರವರ್ತಕನೇ ನಾಪತ್ತೆಯಾದಲ್ಲಿ ಅದು ಕಾಗದದ ಹಕ್ಕಾಗುತ್ತದೆ. ಆದುದರಿಂದಲೇ ಶಂಕೆ ಮೂಡಿದ ಮೊದಲ ದಿನವೇ ಅವರ ಆಸ್ತಿಯ ಮೇಲೆ ಕೈಯಿಡಬೇಕು. ಷೇರುದಾರರು ಒಬ್ಬೊಬ್ಬರಾಗಿ ಗೊಣಗುವ ಬದಲು ಸೆಬಿಯ ‘ಸ್ಕೋರ್ಸ್’ ದೂರು ವ್ಯವಸ್ಥೆಯಲ್ಲಿ ಲಿಖಿತವಾಗಿ ದೂರು ದಾಖಲಿಸಬೇಕು. ನೋಂದಾಯಿತ ಹೂಡಿಕೆದಾರರ ಸಂಘಗಳ ಮೂಲಕ ಒಟ್ಟಾಗಿ ದನಿಯೆತ್ತಬೇಕು. ಒಂಟಿ ಧ್ವನಿಗೆ ಕಚೇರಿಗಳಲ್ಲಿ ಕಿವಿಗಳು ಕಡಿಮೆ.

ನಮ್ಮ ಮನೆಗಳ ಹೊಣೆ

ಕೊನೆಯದಾಗಿ ನಮ್ಮನಮ್ಮ ಕುಟುಂಬಗಳಿಗೆ ಸಂಬಂಧಿಸಿದ ಒಂದೆರಡು ಮಾತು. ಅಗ್ಗದ ಷೇರಿನ ಸುದ್ದಿ ಅಪರಿಚಿತರಿಂದ ಬಂದರೆ ನಾವು ಅನುಮಾನಿಸುತ್ತೇವೆ. ಭಾನುವಾರದ ಪೂಜೆಯ ಬಳಿಕ ಅಂಗಳದಲ್ಲಿ ನಿಂತು ಮಾತಾಡುವ ಪರಿಚಿತರಿಂದ, ವಾಳೆಯ ಹಿರಿಯರಿಂದ, ದುಬೈಯಿಂದ ರಜೆಯಲ್ಲಿ ಬಂದ ಭಾವನಿಂದ ಬಂದರೆ ಪ್ರಶ್ನಿಸದೆ ನಂಬುತ್ತೇವೆ. ಅವರು ಕೆಟ್ಟವರೆಂದಲ್ಲ, ಅವರೂ ಇನ್ನೊಬ್ಬರಿಂದ ಕೇಳಿದವರೇ. ಆದರೆ ಹೀಗೆ ಕೈಯಿಂದ ಕೈಗೆ ದಾಟುವ ಮಾತಿನಲ್ಲಿ ಕಂಪೆನಿಯ ಲೆಕ್ಕಪತ್ರವನ್ನು ಓದಿದವರು ಯಾರೂ ಇರುವುದಿಲ್ಲ. ನಮ್ಮ ನಡುವಿನ ಪರಸ್ಪರ ವಿಶ್ವಾಸವು ತಲೆಮಾರುಗಳಿಂದ ಕೂಡಿಟ್ಟ ಸಂಪತ್ತು. ಮುಂಬಯಿಯ ಯಾವನೋ ಒಬ್ಬನು ತನ್ನ ಷೇರುಗಳನ್ನು ಮಾರಿಕೊಳ್ಳಲು ಅದು ಸಾಧನವಾಗಬಾರದು.

ಯುವಕರು ಮೊಬೈಲ್ ಫೋನಿನಲ್ಲಿ ಷೇರು ಕೊಳ್ಳುವುದನ್ನು ತಡೆಯುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಆದರೆ ಕೊಳ್ಳುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಮನೆಯಲ್ಲಿ ಬೆಳೆಸಬಹುದು. ಈ ಕಂಪೆನಿ ಏನನ್ನು ತಯಾರಿಸುತ್ತದೆ, ಯಾರಿಗೆ ಮಾರುತ್ತದೆ? ಕಳೆದ ಮೂರು ವರ್ಷಗಳಲ್ಲಿ ಅದರ ಮಾರಾಟ ಎಷ್ಟು, ತೆರಿಗೆ ಕಟ್ಟಿದ್ದು ಎಷ್ಟು? ಪ್ರವರ್ತಕರು ತಮ್ಮ ಪಾಲನ್ನು ಮಾರುತ್ತಿದ್ದಾರೆಯೆ? ವಿನಿಮಯ ಕೇಂದ್ರದ ನಿಗಾ ಪಟ್ಟಿಯಲ್ಲಿ ಅದರ ಹೆಸರಿದೆಯೆ? ಈ ಪಟ್ಟಿಗಳು ಗುಟ್ಟಿನವಲ್ಲ. ಕೇಂದ್ರಗಳೇ ಅವನ್ನು ಪ್ರಕಟಿಸುತ್ತವೆ. ಕೊನೆಗೊಂದು ಸರಳವಾದ ಪರೀಕ್ಷೆ: ದಿನಕ್ಕೆ ಎಷ್ಟು ಷೇರುಗಳು ಕೈಬದಲಾಗುತ್ತವೆ? ನಾವು ಹಿಡಿದುಕೊಂಡಿರುವಷ್ಟು ಷೇರುಗಳು ಇಡೀ ವಾರದಲ್ಲಿಯೂ ಮಾರಾಟವಾಗದಿದ್ದರೆ, ಯಾರೂ ಬಾಗಿಲು ಮುಚ್ಚುವ ಮೊದಲೇ ನಾವು ಒಳಗೆ ಸಿಲುಕಿದ್ದೇವೆಂದೇ ಅರ್ಥ.

ನಿಯಂತ್ರಕನು ಕಾವಲುಗಾರ. ಅವನು ನಿದ್ರಿಸಿದರೆ ಎಚ್ಚರಿಸುವುದೂ ಅತಿಯಾಗಿ ನಡೆದುಕೊಂಡರೆ ಪ್ರಶ್ನಿಸುವುದೂ ನಮ್ಮ ಹಕ್ಕು. ಆ ಹಕ್ಕನ್ನು ಚಲಾಯಿಸುವಾಗ ‘ನನ್ನನ್ನು ಮಾತ್ರ ಹೊರಗೆ ಬಿಡಿ’ ಎಂದು ಬೇಡಿಕೊಳ್ಳುವುದಕ್ಕಿಂತ ‘ಕದ್ದವನಿಂದ ಕಿತ್ತು ಎಲ್ಲರಿಗೂ ಮರಳಿಸಿ’ ಎಂದು ಕೇಳುವುದೇ ನಮಗೆ ಶೋಭೆ ತರುವ ಮಾತು. ಮೊದಲನೆಯ ಬೇಡಿಕೆ ಈಡೇರಿದರೆ ನಷ್ಟವು ನಮ್ಮ ಮನೆಯಿಂದ ನೆರೆಯವನ ಮನೆಗೆ ಹೋಗುತ್ತದೆ. ಎರಡನೆಯದು ಈಡೇರಿದರೆ ಅದು ಎಲ್ಲಿಂದ ಹೊರಟಿತೋ ಅಲ್ಲಿಗೇ ಹಿಂದಿರುಗುತ್ತದೆ.